ಬ್ಯಾಸಿಗ್ಯಾಗ ಬೀಗರಿಗಿ ಸಲಾಮಿ-ಚೀಸು ಬೋರ್ಡ್ ಇಡೋರು ಇದೊಂದ್ ಓದ್ರಿ

ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಕಲಬುರಗಿ, ಜೇವರ್ಗಿ ರೋಡ್ ಕಡಿ. ಮೇ ತಿಂಗಳದಾಗ ತಮ್ಮನ ಬೀಗರು ಮೊದಲನೇ ಸಲ ಮನಿಗಿ ಬರೋರಿದ್ರು, ಊಟಕ್ಕ ಖಡಕ್ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಹೆಂಗೂ ಇತ್ತು, ಅದಕ್ಕಿಂತ ಮೊದಲ ಮಾತಾಡ್ಕೋತ ತಿನ್ಲಾಕ ಒಂದ್ ಶಾರ್ಕ್ಯೂಟರಿ ಬೋರ್ಡ್ ಮಾಡ್ಬೇಕಂತ ನನ್ ಆಸಿ. ಕಟ್ಟಿಗಿ ಹಲಗಿ ಮ್ಯಾಗ ಸಲಾಮಿ (ತೆಳ್ಳಗ ಕತ್ತರಿಸಿದ ರೆಡಿ ಮಾಂಸ), ಚೀಸು, ದ್ರಾಕ್ಷಿ, ಅಂಜೂರ, ಬದಾಮಿ, ಬಿಸ್ಕೀಟು ಚೆಂದಂಗ ಜೋಡಿಸಿ ಇಡ್ತಾರಲ್ಲ, ಅದು.

ಚಿಕನ್ ಸಲಾಮಿ, ಮೆತ್ತನ ಬ್ರೀ ಚೀಸು ಎರಡೂ ತಮ್ಮ ಹೈದರಾಬಾದಿನಿಂದ ತಂದ. ಅಂಗಡಿಯವ ಥರ್ಮಾಕೋಲ್ ಡಬ್ಬಿಯಾಗ ಎರಡ್ ಐಸ್ ಪ್ಯಾಕ್ ಹಾಕಿ, ಕಲಬುರಗಿ ತನಕ ಏನೂ ಆಗಲ್ಲ ಅಂದಿದ್ನಂತ. ಬಸ್ ಮುಟ್ಟೋದ್ರಾಗ ಆರು ತಾಸು. ಡಬ್ಬಿ ತೆಗೆದ್ರ ಐಸ್ ಪ್ಯಾಕ್ ಪೂರಾ ನೀರಾಗಿದ್ವು, ಪಾಕೀಟು ಮುಟ್ಟಿದ್ರ ತಣ್ಣಗ ಇರ್ಲಿಲ್ಲ. ಅಲ್ಲೇ ಒಗೀಬೇಕಿತ್ರೀ ನಾನು. ಅಷ್ಟ್ ರೊಕ್ಕ ಕೊಟ್ಟು ತಂದಿದ್ದು ಅಂತ ಮನಸ್ಸಾಗ್ಲಿಲ್ಲ, ಫ್ರಿಜ್ಜಿನಾಗ ಇಟ್ಟೆ.

ಸಂಜಿ 6ಕ್ಕ ಎಲ್ಲಾ ಜೋಡಿಸಿದೆ. ಬೀಗರು ಬಂದಿದ್ದು 8ಕ್ಕ, ನಡುವ ಕರೆಂಟ್ ಹೋಗಿ ಕೂಲರ್ ಬಂದ್, ಮಧ್ಯಾಹ್ನ 42 ಡಿಗ್ರಿ ಬಿಸಲಿಗಿ ಕಾಯ್ದ ಗ್ವಾಡಿ ಇನ್ನೂ ಸುಡ್ತಿದ್ವು. ಚೀಸು ಕರಗಿ ಹಲಗಿ ಮ್ಯಾಗ ಹರಿದಿತ್ತು, ಸಲಾಮಿ ಮ್ಯಾಗ ಎಣ್ಣಿ ಬಂದಿತ್ತು, ಖರೆ ಕೆಟ್ಟ ವಾಸನಿ ಏನೂ ಇಲ್ಲ, ಎಲ್ಲರೂ ಫೋಟೋ ಹೊಡ್ಕೊಂಡ್ರು, ತಿಂದ್ರು, 10ರ ತನಕ ಅದು ಅಲ್ಲೇ ಇತ್ತು.

ರಾತ್ರಿ 12ಕ್ಕ ತಮ್ಮಗ ವಾಂತಿ ಚಾಲೂ ಆತು. ಬೆಳಗಾಗೋದ್ರಾಗ ಐದು ಮಂದಿ. ಹುಡುಗಿ ತಂದಿಗಿ ಸಲೈನ್ ಹಚ್ಚಬೇಕಾತು, ಅವರ ಮುಂದ ನಿಂತು ನನಗ ಮಾತೇ ಬರ್ಲಿಲ್ಲ.

ಡಾಕ್ಟರ್ ಹೇಳಿದ್ದು ಕೇಳ್ರಿ. 5 ಡಿಗ್ರಿಯಿಂದ 60 ಡಿಗ್ರಿ ನಡುವ ಬ್ಯಾಕ್ಟೀರಿಯಾ ಭರಾಭರಾ ಬೆಳೀತಾವ, ಇಂಥಾ ತಿನಿಸು ಹೊರಗ ಎರಡ್ ತಾಸಿಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ದಾಟಿದ್ರ ಒಂದೇ ತಾಸು. ಬ್ಯಾಸಿಗ್ಯಾಗ ನಮ್ಮ ಮನಿ ಒಳಗ 32ಕ್ಕಿಂತ ಕಮ್ಮಿ ಯಾವಾಗಿರ್ತದ್ರೀ? ಮತ್ತ ಕೆಲವು ಬ್ಯಾಕ್ಟೀರಿಯಾ ಬಿಡೋ ವಿಷ ಆಮ್ಯಾಲ ಬಿಸಿ ಮಾಡಿದ್ರೂ ಹೋಗಲ್ಲಂತ, ಕರಿದು ಕೊಟ್ರೂ ಅಷ್ಟೇ.

ನಾನು ತಿಳ್ಕೊಂಡಿದ್ದೇ ತಪ್ಪಿತ್ತು, ಫ್ರಾನ್ಸ್ ಇಟಲಿ ಕಡಿ ತಾಸುಗಟ್ಟಲೆ ಹೊರಗ ಇಡ್ತಾರ, ಏನೂ ಆಗಲ್ಲ ಅಂತ. ಅಲ್ಲಿ ಹಳೇ ಪದ್ಧತಿ ಸಲಾಮಿ ಅಂದ್ರ ಮಾಂಸಕ್ಕ ಉಪ್ಪು ಹಾಕಿ ಹುಳಿ ಬರ್ಸಿ, ತಂಪ್ ಜಾಗದಾಗ ವಾರಗಟ್ಟಲೆ ತೂಗಹಾಕಿ ಒಣಗಿಸಿದ್ದು, ಅದರಾಗ ನೀರು ಕಮ್ಮಿ. ನಾವು ತಂದ ಚಿಕನ್ ಸಲಾಮಿನಾಗ ನೀರು ಭಾಳ ಇರ್ತದ, ಬೇಯಿಸಿ ಕತ್ತರಿಸಿದ್ದು ಅಷ್ಟೇ, ಮನ್ಯಾಗಿನ ಕೋಳಿ ಸಾರಿನಂಗ ಅದೂ ಹೊರಗಿಟ್ರ ಲಗೂನ ಕೆಡ್ತದ. ಹೆಸರು ಒಂದೇ ಇದ್ರೂ ಪದಾರ್ಥ ಬ್ಯಾರೇ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದದ, ಅದಕ್ಕೇ ಇಷ್ಟೆಲ್ಲಾ ಬರೀಲಾಕತ್ತೀನಿ. ನಮ್ಮ ವೈನಿಗಿ ಐದು ತಿಂಗಳು. ಅವರಿಗಿ ವಾಂತಿ ಏನೂ ಆಗ್ಲಿಲ್ಲ, ದೇವರ ದಯಾ ಅನ್ಕೊಂಡಿದ್ದೆ, ಡಾಕ್ಟರ್ "ಬಸುರಿ ಹೆಣ್ಮಕ್ಕಳು ಯಾರರ ತಿಂದಾರೇನು?" ಅಂತ ಕೇಳಿದಾಗ ಎದಿ ಧಸಕ್ ಅಂತು. ಲಿಸ್ಟೀರಿಯಾ ಅಂತ ಒಂದ್ ಬ್ಯಾಕ್ಟೀರಿಯಾ ಅದ, ಅದು ಫ್ರಿಜ್ಜಿನ ತಂಪಿನಾಗೂ ಬೆಳೀತದ, ಇಂಥಾ ತಣ್ಣನ ಮಾಂಸ, ಮೆತ್ತನ ಚೀಸಿನಾಗೇ ಹೆಚ್ಚು ಸಿಗ್ತದ. ತಾಯಿಗಿ ಬರೇ ಜ್ವರ, ಮೈಕೈ ನೋವು ಬಂದು ಹೋಗ್ಬಹುದು, ಖರೆ ಹೊಟ್ಯಾಗಿನ ಕೂಸಿಗಿ ಅಪಾಯ, ಗರ್ಭಪಾತ ಆಗ್ಬಹುದು. ದಕ್ಷಿಣ ಆಫ್ರಿಕಾದಾಗ 2017-18ರಾಗ ಇದೇ ಲಿಸ್ಟೀರಿಯಾ ಪೊಲೋನಿ ಅನ್ನೋ ರೆಡಿ ಮಾಂಸದಿಂದ ಹಬ್ಬಿ 200ಕ್ಕೂ ಹೆಚ್ಚು ಮಂದಿ ಸತ್ತಾರ, ಅದರಾಗ ಹಸುಗೂಸು ಭಾಳ. ಬಸುರಿ ಇದ್ದ ಮನ್ಯಾಗ ಇಂಥಾ ಸಲಾಮಿ, ಮೆತ್ತನ ಚೀಸು ಎರಡೂ ಹಲಗಿ ಮ್ಯಾಗ ಬರೋದೇ ಬ್ಯಾಡ್ರೀ. ಉಳಿದವರಿಗಿ ಇಡೋದೇ ಆದ್ರ ಮಂದಿ ಬಂದು ಕೂತ ಮ್ಯಾಗ ಫ್ರಿಜ್ಜಿನಿಂದ ತೆಗೀರಿ, ಸಣ್ಣ ತಾಟಿನಾಗ ಸ್ವಲ್ಪ ಸ್ವಲ್ಪ ಇಡ್ರಿ, ತಾಸಾದ ಮ್ಯಾಗ ಉಳಿದಿದ್ದು ಒಗೀರಿ.

ಲಿಸ್ಟೀರಿಯಾ ಲಕ್ಷಣ ಕಾಣ್ಲಾಕ 70 ದಿನದ ತನಕನೂ ಹಿಡೀಬಹುದಂತ. ಜ್ವರ ಬಂದ್ರ ಆ ಕ್ಷಣಕ್ಕ ದವಾಖಾನಿಗಿ ಬರ್ರಿ, ತಿಂದಿದ್ದು ಹೇಳ್ರಿ ಅಂದಾರ. ಇವತ್ತಿಗಿ 38 ದಿನ. ವೈನಿ "ನನಗೇನೂ ಆಗಿಲ್ಲ ಬಿಡವ್ವಾ" ಅಂತಾರ, ನಾನು ದಿನಾ ಮುಂಜಾನಿ ಎದ್ದು ಅವರ ಹಣಿ ಮುಟ್ಟಿ ನೋಡ್ತೀನಿ, ಆಮ್ಯಾಲ ಕ್ಯಾಲೆಂಡರಿನಾಗ ಗೀಟು ಹಾಕ್ತೀನಿ.