ಹಳೇ ಕಂಪ್ಯೂಟರ್‌ನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್: ಕಿರಿಕಿರಿ ಇದ್ದರೂ ಆರಾಮ

ಕಲಬುರಗಿಯ ನಮ್ಮ ಅಂಗಡಿಯಲ್ಲಿ ಇರುವುದು ವಿಂಡೋಸ್ 7ರ ಹಳೇ ಡೆಸ್ಕ್‌ಟಾಪ್. 32 ಬಿಟ್, 2 ಜಿಬಿ ರ‍್ಯಾಮ್. ತೊಗರಿ ವ್ಯಾಪಾರಿಗಳ ಹೆಸರಿನ ಪಟ್ಟಿ, ಮದುವೆ ಕಾರ್ಡಿನ ಮ್ಯಾಟರ್, ಒಂದೆರಡು ವೆಬ್ ಪುಟ, ಇಷ್ಟೇ ಕೆಲಸ. ರಿಪೇರಿಯವನು ಪ್ರತಿ ಸಲ ಹೇಳುವುದು ಒಂದೇ: "ಹೊಸಾದು ತಗೋರಿ ಸರ್, ಇದರಾಗ ಏನೂ ನಡೆಯಂಗಿಲ್ಲ." ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮಾತ್ರ ವರ್ಷಗಳಿಂದ ಇದರಲ್ಲೇ ಆರಾಮಾಗಿ ನಡೆಯುತ್ತಿದೆ. ಬರೀ ಪಠ್ಯ ಬರೆದು ತಿದ್ದುವ, 2003ರಿಂದ ಇರುವ ಎಡಿಟರ್, ಪುಕ್ಕಟೆ. ಮೈಕ್ರೋಸಾಫ್ಟ್ ಕಂಪನಿಯ ಎಡಿಟರ್ ವಿಎಸ್ ಕೋಡ್ ಯಾಕಿಲ್ಲ ಅನ್ನುತ್ತೀರಾ? ವಿಂಡೋಸ್ 7ರಲ್ಲಿ ನಡೆಯುವ ಅದರ ಕೊನೆಯ ಆವೃತ್ತಿ 2022ರ 1.70. 2 ಜಿಬಿಯಲ್ಲಿ ಅದೂ ತೆವಳುತ್ತದೆ.

ಇನ್‌ಸ್ಟಾಲ್ ಮಾಡುವಾಗ ಮಾತ್ರ ತಾಳ್ಮೆ ಬೇಕು. ಡೌನ್‌ಲೋಡ್ ಪುಟವೇ ತೆರೆಯದೆ, ಸಂಪರ್ಕ ಸುರಕ್ಷಿತವಲ್ಲ ಎಂದು ಬ್ರೌಸರ್ ಹಟ ಹಿಡಿದರೆ ಮೊದಲು ತಾರೀಕು ನೋಡಿ. ಮದರ್‌ಬೋರ್ಡಿನ ಸಿಆರ್ 2032 ಸೆಲ್ ಸತ್ತಿದ್ದರೆ ಗಡಿಯಾರ ಹತ್ತು ವರ್ಷ ಹಿಂದೆ ಹೋಗಿ ಕೂತಿರುತ್ತದೆ. ಸೆಲ್ ಬದಲಿಸಿ ತಾರೀಕು ಸರಿ ಮಾಡಿದರೆ ಸಾಕು. ಆಮೇಲೆ 32 ಬಿಟ್ ಫೈಲನ್ನೇ ಇಳಿಸಿಕೊಳ್ಳಿ, 64 ಬಿಟ್‌ನದು ಇಲ್ಲಿ ತೆರೆಯುವುದೇ ಇಲ್ಲ. ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳದ್ದೂ ಅದೇ ಕತೆ. ಸ್ನೇಹಿತರ ಹೊಸ ಲ್ಯಾಪ್‌ಟಾಪ್‌ನಿಂದ ಕಾಪಿ ಮಾಡಿ ತಂದದ್ದು ಲೋಡ್ ಆಗುವುದಿಲ್ಲ.

ನಿಜವಾದ ತಲೆನೋವು ಕನ್ನಡದ್ದು. ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ (ಕಾಮಾ ಹಾಕಿದ ಬರೀ ಪಠ್ಯ) ಆಗಿ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ. ಅಲ್ಲಿ ಅಕ್ಷರಗಳೇ ಹೋಗಿರುತ್ತವೆ, ಯಾವ ಎಡಿಟರೂ ವಾಪಸ್ ತರಲಾರದು. 'ಯೂನಿಕೋಡ್ ಟೆಕ್ಸ್ಟ್' ಆಗಿ ಸೇವ್ ಮಾಡಿ ಇಲ್ಲಿ ತೆರೆಯಿರಿ. ಎಕ್ಸೆಲ್‌ಗೇ ವಾಪಸ್ ಹೋಗುವ ಪಟ್ಟಿಯಾದರೆ, ಅಕ್ಷರ ಕೂಡಿಡುವ ರೀತಿ ಆರಿಸುವ ಎನ್‌ಕೋಡಿಂಗ್ ಮೆನುವಿನಿಂದ ಯುಟಿಎಫ್-8 ಬಿಒಎಂಗೆ (ಫೈಲಿನ ಆರಂಭದಲ್ಲಿ ಗುರುತು ಇರುವ ಯೂನಿಕೋಡ್) ಕನ್ವರ್ಟ್ ಮಾಡಿ. ವೆಬ್ ಪುಟಕ್ಕೆ ಬಿಒಎಂ ಇಲ್ಲದ್ದೇ ವಾಸಿ. ಆದರೆ ತೆರೆದ ಕೂಡಲೇ ಫೈಲ್ ಗಜಿಬಿಜಿಯಾಗಿ ಕಂಡರೆ ಕನ್ವರ್ಟ್ ಒತ್ತಲೇಬೇಡಿ. ಮೆನುವಿನ ಮೇಲ್ಭಾಗದಲ್ಲಿ ಬರೀ ಯುಟಿಎಫ್-8 ಅಂತ ಇದೆಯಲ್ಲ, ಅದನ್ನು ಆರಿಸಿ. ಅದು ಓದುವ ರೀತಿಯನ್ನಷ್ಟೇ ಬದಲಿಸುತ್ತದೆ. ಕನ್ವರ್ಟ್ ಒತ್ತಿದರೆ ಗಜಿಬಿಜಿಯೇ ಪಕ್ಕಾ ಆಗುತ್ತದೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ಗಳದ್ದು ಬೇರೆ ವಿಷಯ. ಅವಕ್ಕೆ ಯೂನಿಕೋಡ್ ಪರಿವರ್ತಕವೇ ಬೇಕು.

ಒತ್ತಕ್ಷರ ಒಡೆದಂತೆ ಕಂಡರೆ ಸ್ಟೈಲ್ ಕಾನ್ಫಿಗರೇಟರ್‌ನಲ್ಲಿ ತುಂಗಾ ಫಾಂಟ್ ಹಾಕಿ ನೋಡಿ. ವಿಂಡೋಸ್ 7ರಲ್ಲೇ ಇದೆ. ಪ್ರಿಫರೆನ್ಸಸ್‌ನಲ್ಲಿ ಡೈರೆಕ್ಟ್‌ರೈಟ್ ಎಂಬ, ಅಕ್ಷರ ಮೂಡಿಸುವ ರೀತಿಯ ಆಯ್ಕೆಯನ್ನೂ ಬದಲಿಸಿ, ಎಡಿಟರ್ ಮುಚ್ಚಿ ತೆರೆಯಿರಿ.

ನನಗೆ ಭಾಳ ಇಷ್ಟವಾದದ್ದು ಅದರ ಬ್ಯಾಕಪ್. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಯುಪಿಎಸ್ ಬ್ಯಾಟರಿಯೂ ಅಷ್ಟಕ್ಕಷ್ಟೇ. ಸೇವ್ ಮಾಡದ ಫೈಲ್‌ಗಳನ್ನೂ ಇದು 7 ಸೆಕೆಂಡಿಗೊಮ್ಮೆ ತಾನೇ ಎತ್ತಿಡುತ್ತದೆ. ಕರೆಂಟ್ ಬಂದ ಮೇಲೆ ಟ್ಯಾಬ್‌ಗಳು ಇದ್ದಂತೆ ತೆರೆಯುತ್ತವೆ. ಪೂರ್ತಿ ನಂಬಿ ಕೂರಬೇಡಿ ಮತ್ತೆ. ಸರಿಯಾಗಿ ಸೇವ್ ಆಗುವ ಗಳಿಗೆಯಲ್ಲೇ ಕರೆಂಟ್ ಹೋದರೆ, ಡಿಸ್ಕ್‌ಗೆ ಇಳಿಯದ ಫೈಲಿನ ತುಂಬ 'ನಲ್' ಎಂಬ ಖಾಲಿ ಗುರುತುಗಳೇ ಉಳಿಯಬಹುದು. ಅದಕ್ಕೇ ಬ್ಯಾಕಪ್ ಪುಟದಲ್ಲಿ ವರ್ಬೋಸ್ ಬ್ಯಾಕಪ್ ಆನ್ ಮಾಡಿದ್ದೇನೆ. ಪ್ರತಿ ಸೇವ್‌ಗೂ ಒಂದು ಹಳೇ ಪ್ರತಿ ಉಳಿಯುತ್ತದೆ. ಜಾಗ ತಿನ್ನುತ್ತದೆ, ತಿನ್ನಲಿ.

ಕೊರತೆಗಳೂ ಇವೆ. ಆಲ್ಟ್ ಒತ್ತಿ ಹಿಡಿದು ಕಾಲಂ ಆರಿಸುವ ಸೌಲಭ್ಯ ಇಂಗ್ಲಿಷ್‌ಗೆ ಚೆಂದ. ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರಲ್ಲ ಅಲ್ವಾ, ಸಾಲುಗಳು ಅಂಕುಡೊಂಕಾಗುತ್ತವೆ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ, ಅಂದರೆ ಮಾದರಿ ಕೊಟ್ಟು ಹುಡುಕಿದರೆ, 'ಕ್ಷ' ಒಂದಲ್ಲ, ಮೂರು ಅಕ್ಷರ (ಕ, ಹಲಂತ, ಷ). ದೊಡ್ಡ ಪಟ್ಟಿ ತೆರೆದಾಗ ಉದ್ದ ಸಾಲನ್ನು ಮಡಚಿ ತೋರಿಸುವ ವರ್ಡ್ ರ‍್ಯಾಪ್ ಆನ್ ಇದ್ದರೆ ಕರ್ಸರ್ ನಿಂತು ನಿಂತು ಹೋಗುತ್ತದೆ, ಆಫ್ ಮಾಡಿಡಿ.

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಆ ಕಾಲಂ ಆಯ್ಕೆಗೆ. ಹೆಸರಿನ ಪಟ್ಟಿಯ ಕಾಲಂ ಕತ್ತರಿಸಲು ನಾನು ಇವತ್ತಿಗೂ ಎಕ್ಸೆಲ್‌ಗೇ ಹೋಗಬೇಕು.