ಮೌಸ್ ಡ್ರೈವರ್‌ಗೆ ಲೈಸೆನ್ಸ್ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಮುಂಬೈಯಲ್ಲಿ, ಅದರಲ್ಲೂ ಭಾಂಡುಪ್ ಕಡೆ ಇರುವವರು ದಯವಿಟ್ಟು ಓದಿ. ಮೌಸ್ ಸರಿ ಮಾಡಿಸಲು ಹೋಗಿ 2,800 ರೂಪಾಯಿ ಕೊಟ್ಟೆ. ಟ್ಯಾಲಿಯಲ್ಲಿ, ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್‌ನಲ್ಲಿ, ಇದ್ದ ಎರಡು ತಿಂಗಳ ಲೆಕ್ಕವೂ ಹೋಯಿತು. ಮೌಸ್ ಮಾತ್ರ ಸರಿಯಾಗಲಿಲ್ಲ. (ಡ್ರೈವರ್ ಅಂದರೆ ಕಂಪ್ಯೂಟರ್ ಮೌಸನ್ನು ನಡೆಸಲು ಬೇಕಾದ ಸಣ್ಣ ಸಾಫ್ಟ್‌ವೇರ್.)

ನಾನು ನಾಲ್ಕು ಹೋಟೆಲ್‌ಗಳ ಲೆಕ್ಕ ಬರೆಯುವವನು. 16ನೇ ತಾರೀಕು ರಾತ್ರಿ ವಿಂಡೋಸ್ ಅಪ್‌ಡೇಟ್ ಆಯಿತು. ಬೆಳಿಗ್ಗೆ ನೋಡಿದರೆ ಕರ್ಸರ್ ಹಿಡಿತಕ್ಕೇ ಸಿಗುತ್ತಿಲ್ಲ. ಸ್ವಲ್ಪ ಸರಿಸಿದರೆ ಸ್ಕ್ರೀನ್‌ನ ಆ ಮೂಲೆಗೆ ಜಿಗಿಯುತ್ತದೆ, ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗುತ್ತದೆ. 20ರೊಳಗೆ ಹೋಟೆಲ್‌ಗಳ ತಿಂಗಳ ತೆರಿಗೆ ರಿಟರ್ನ್, ಜಿಎಸ್‌ಟಿ 3ಬಿ ಹಾಕಬೇಕು, ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಗಾಬರಿಯಲ್ಲಿ ಲ್ಯಾಪ್‌ಟಾಪ್, ಮೌಸ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಸ್ಟೇಷನ್ ಹತ್ತಿರದ ಅಂಗಡಿಗೆ ಓಡಿದೆ.

ಅಲ್ಲಿ ನಿಂತು ಮನೆಗೆ ಫೋನ್ ಮಾಡಿದ್ದನ್ನು ಅಂಗಡಿಯವನು ಕೇಳಿಸಿಕೊಂಡ. "ಅಣ್ಣ, ಕನ್ನಡದವರಾ? ಯಾವ ಊರು?" ಅಂದ. ಕುಂದಾಪುರದ ಕಡೆ ಅಂದೆ. "ಹಾಗಾದ್ರೆ ನಮ್ಮವರೇ, ಕೂತ್ಕೊಳಿ" ಅಂತ ಸ್ಟೂಲ್ ಎಳೆದು ಕೊಟ್ಟ, ಚಹಾ ತರಿಸಿದ. ಈ ಊರಿನಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ಮನಸ್ಸು ಕರಗುತ್ತದೆ ಅಲ್ವಾ? ನನಗೂ ಕರಗಿತು. ಎಷ್ಟಾಗುತ್ತೆ ಅಂತ ಕೂಡ ಕೇಳಲಿಲ್ಲ.

ಗಾಜಿನ ಕೌಂಟರ್ ಮೇಲೆ ಮೌಸ್ ಇಟ್ಟು ಅತ್ತಿತ್ತ ಎಳೆದ. ಕರ್ಸರ್ ಅಲುಗಲೇ ಇಲ್ಲ. "ನೋಡಿ ಅಣ್ಣ, ಡ್ರೈವರ್ ಪೂರ್ತಿ ಕರಪ್ಟ್. ಫಾರ್ಮ್ಯಾಟ್ ಹೊಡೀಬೇಕು." ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಮನೆಯಲ್ಲಿ ಜಿಗಿಯುತ್ತಿದ್ದದ್ದು ಇಲ್ಲಿ ಸತ್ತೇ ಹೋಯಿತಲ್ಲ ಅಂತ ನಾನು ಇನ್ನೂ ಹೆದರಿದೆ. ಟ್ಯಾಲಿ ಡೇಟಾ ಇದೆ, ಅದಕ್ಕೆ ಏನೂ ಆಗಬಾರದು ಅಂದೆ. ಸ್ಪಷ್ಟವಾಗಿ ಹೇಳಿದ್ದೇನೆ. "ಎಲ್ಲ ಬ್ಯಾಕಪ್ ತೆಗೀತೀನಿ, ಟೆನ್ಶನ್ ತಗೋಬೇಡಿ" ಅಂದ.

ಸಂಜೆ ಹೋದಾಗ ಹಳೆಯ ಮರಾಠಿ ಪೇಪರ್ ಮಡಚಿ ಕೌಂಟರ್ ಮೇಲೆ ಹಾಕಿ, ಅದರ ಮೇಲೆ ಮೌಸ್ ಓಡಿಸಿ ತೋರಿಸಿದ. ಬೆಣ್ಣೆಯಂತೆ ಓಡಿತು. ಗುಲಾಬಿ ಚೀಟಿಯಲ್ಲಿ ಬರೆದು ಕೊಟ್ಟ: ಫಾರ್ಮ್ಯಾಟ್ 1,300, ಡ್ರೈವರ್ ಪ್ಯಾಕ್ 600, ಮೌಸ್ ಡ್ರೈವರ್ ಲೈಸೆನ್ಸ್ 900. ಚೀಟಿಯಲ್ಲಿ ಅಂಗಡಿಯ ಹೆಸರೂ ಇಲ್ಲ.

ಮನೆಗೆ ಬಂದು ಟ್ಯಾಲಿ ತೆರೆದರೆ ಒಂದು ಕಂಪನಿಯೂ ಕಾಣಲಿಲ್ಲ. ಮಾರನೇ ದಿನ ಸಂಜೆಗೆ ಮೌಸ್ ಮತ್ತೆ ಜಿಗಿಯಲು ಶುರು.

ತಂಗಿಯ ಮಗಳು ಥಾಣೆಯಿಂದ ಬಂದಳು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆದು, ಮೌಸ್‌ನ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಅನ್ನುವ ಜಾಗಕ್ಕೆ ಹೋದಳು. ಅಲ್ಲಿ ರೋಲ್ ಬ್ಯಾಕ್ ಡ್ರೈವರ್ ಅಂತ ಬಟನ್ ಇದೆ, ಹಳೆಯ ಡ್ರೈವರನ್ನು ವಾಪಸ್ ತರುವುದು. ಒತ್ತಿದಳು, ರೀಸ್ಟಾರ್ಟ್ ಮಾಡಿದಳು. ಸರಿಹೋಯಿತು. ಐದು ನಿಮಿಷವೂ ಆಗಲಿಲ್ಲ. ಅಪ್‌ಡೇಟ್‌ನಲ್ಲಿ ಬಂದ ಹೊಸ ಡ್ರೈವರ್ ಈ ಮೌಸ್‌ಗೆ ಹೊಂದುತ್ತಿರಲಿಲ್ಲ, ಅಷ್ಟೇ. ಫಾರ್ಮ್ಯಾಟ್ ಮಾಡಿದರೂ ವಿಂಡೋಸ್ ಅಪ್‌ಡೇಟ್ ಅದೇ ಡ್ರೈವರನ್ನು ಮತ್ತೆ ತಂದು ಕೂರಿಸಿತ್ತು. ಸಾಧಾರಣ ಮೌಸ್‌ಗೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದಂತೆ. ಕಂಪನಿಯವರದು ಬೇಕಾದರೂ ಅವರ ಸೈಟ್‌ನಲ್ಲಿ ಪುಕ್ಕಟೆ. ಅದಕ್ಕೆ ಲೈಸೆನ್ಸ್ ಅಂತ 900!

ಗಾಜಿನ ವಿಷಯ ಹೇಳಿದಾಗ ಅವಳು ಮಾತಾಡದೆ ಮೌಸನ್ನು ನಮ್ಮ ಗಾಜಿನ ಟೀಪಾಯಿ ಮೇಲೆ ಇಟ್ಟಳು. ಕರ್ಸರ್ ನಿಂತುಬಿಟ್ಟಿತು. ಕೆಳಗೆ ಪೇಪರ್ ಹಾಕಿದಳು. ಓಡಿತು. "ಮಾವ, ಗಾಜಿನಲ್ಲಿ ಮೌಸ್‌ನ ಬೆಳಕು ಹಾದು ಹೋಗುತ್ತೆ. ಇಂಥ ಮೌಸ್ ಅದರ ಮೇಲೆ ಓಡೋದೇ ಇಲ್ಲ." ಆ ಪೇಪರ್ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಕಂಪ್ಯೂಟರ್ ಬಿಚ್ಚುವವನಿಗೆ ಇದು ಗೊತ್ತಿರುವುದಿಲ್ಲವಾ? ನನ್ನ ಕಣ್ಣೆದುರೇ ಮಾಡಿದ. ನನ್ನ ಕಣ್ಣೆದುರೇ.

ಮರುದಿನ ಅಂಗಡಿಗೆ ಹೋದೆ. "ನಾವು ಕೊಟ್ಟಾಗ ಸರಿ ಇತ್ತಲ್ಲ" ಅಂದ. ಟ್ಯಾಲಿ ಡೇಟಾ ಎಲ್ಲಿ ಅಂದೆ. "ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ತೆಗೆದಿದ್ದೀನಿ. ಟ್ಯಾಲಿ ಯಾವ ಫೋಲ್ಡರಲ್ಲಿದೆ ಅಂತ ನೀವು ಹೇಳ್ಲಿಲ್ಲ." ಲೈಸೆನ್ಸ್ ತೋರಿಸು ಅಂದೆ. "ಅದು ಆನ್‌ಲೈನ್ ಇರುತ್ತೆ, ತೋರ್ಸಕ್ಕಾಗಲ್ಲ." ಜೋರು ಮಾಡಿದ ಕೂಡಲೇ ಕನ್ನಡ ನಿಂತಿತು, ಹಿಂದಿ ಶುರುವಾಯಿತು. ಅಣ್ಣ ಹೋಗಿ ಅಂಕಲ್ ಆದೆ. ಪಕ್ಕದ ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಐವತ್ತೆರಡು ವರ್ಷದವನು ಹಾಗೆ ನಿಲ್ಲಬೇಕಾಯಿತು.

ಮೌಸ್ ಕೆಟ್ಟರೆ ಮೊದಲು ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲಿ ಸರಿ ಓಡಿದರೆ ಡ್ರೈವರ್ ರೋಲ್ ಬ್ಯಾಕ್ ಮಾಡಿ. ಆ ಬಟನ್ ಮಸುಕಾಗಿದ್ದರೆ ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಹಾಕಿಕೊಳ್ಳುತ್ತದೆ. ಫಾರ್ಮ್ಯಾಟ್ ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ವಾಪಸ್ ಬನ್ನಿ. ಟ್ಯಾಲಿ ಡೇಟಾವನ್ನು ನೀವೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಕನ್ನಡ ಮಾತಾಡಿದ ಅಂತ ಬಿಲ್ ಕೇಳದೆ ಬರಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಳೆಯ ಪೆನ್‌ಡ್ರೈವ್‌ನಲ್ಲಿ ಎರಡು ತಿಂಗಳ ಹಿಂದಿನವರೆಗಿನ ಲೆಕ್ಕ ಸಿಕ್ಕಿತು. ಉಳಿದದ್ದನ್ನು ಹೋಟೆಲ್‌ಗಳಿಂದ ಬಿಲ್ ಕಟ್ಟು ತರಿಸಿಕೊಂಡು ಒಂದೊಂದೇ ಹಾಕುತ್ತಿದ್ದೇನೆ. 20ನೇ ತಾರೀಕು ದಾಟಿ ಹೋಗಿದೆ. ಲೇಟ್ ಫೀ ನನ್ನ ಕೈಯಿಂದಲೇ ಕಟ್ಟುತ್ತೇನೆ ಅಂತ ನಾಲ್ಕೂ ಮಾಲೀಕರಿಗೆ ಹೇಳಿದ್ದೇನೆ.