ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವವರಿಗೆ

ಹಳ್ಳಿಕಾರ್ ಅನ್ನುವ ನಮ್ಮ ದೇಸಿ ತಳಿಯ ಜಾತಿ ಹೋರಿ ಬೇಕು ಅಂದರೆ ನನ್ನ ಮಟ್ಟಿಗೆ ತುಮಕೂರಿನ ಸಿದ್ಧಗಂಗೆ ಜಾತ್ರೆಗಿಂತ ಒಳ್ಳೆಯ ಜಾಗ ಇಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಕ್ಯಾತ್ಸಂದ್ರದ ಮಠದ ಹತ್ತಿರ ಸೇರುತ್ತದೆ. ಈ ಸಲ ನಾನು ಮತ್ತು ನಮ್ಮ ಮಾವ ಗುಬ್ಬಿ ಕಡೆಯಿಂದ ಹೋಗಿ ಎರಡು ಹಲ್ಲಿನ, ಅಂದರೆ ಎರಡು, ಎರಡೂವರೆ ವರ್ಷದ ಜೋಡಿ ತಂದೆವು. ಮೊಬೈಲಲ್ಲಿ ವಿಡಿಯೋ ನೋಡಿ ಮುಂಗಡ ಕಳಿಸುವವರು ಈಗ ಜಾಸ್ತಿ ಆಗಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜಾತ್ರೆಗೆ ಹೋಗಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಜಿಲ್ಲೆಯ ಕುಣಿಗಲ್ ಫಾರಂನಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕುತ್ತಾ ಬಂದಿದ್ದಾರೆ. ರೇಸ್ ಕುದುರೆ ಕೊಳ್ಳುವವರು ತಾಯಿ ಯಾವುದು, ತಂದೆ ಯಾವುದು, ಅಜ್ಜ ಯಾವುದು ಅಂತ ಬರೆದಿಟ್ಟ ದಾಖಲೆ ನೋಡಿಯೇ ಬೆಲೆ ಕಟ್ಟುತ್ತಾರೆ. ಸಂತೆಗೆ ಬರುವ ಹಳ್ಳಿಕಾರ್ ಹೋರಿಗೆ ಅಂಥ ಪುಸ್ತಕ ಯಾರೂ ತರುವುದಿಲ್ಲ. ಅದರ ವಿಷಯ ಗೊತ್ತಿರುವುದು ಕರುವಿನಿಂದ ಸಾಕಿದ ರೈತನಿಗೆ ಮಾತ್ರ, ಅವನು ಸಿಗುವುದು ಜಾತ್ರೆಯಲ್ಲಿ. ತಾಯಿ ಹಸು ಇನ್ನೂ ಮನೆಯಲ್ಲಿದೆಯಾ, ಯಾವ ಊರಿನ ಬೀಜದ ಹೋರಿಗೆ ಕೊಡಿಸಿದ್ದಿರಿ, ಗಾಡಿಗೆ ಹೂಡಿದ್ದೀರಾ ಅಂತ ಕೇಳಿ. ಸಾಕಿದವನಾದರೆ ಮಾತು ನಿಲ್ಲಿಸುವುದೇ ಇಲ್ಲ. ನಮಗೆ ಕೊಟ್ಟ ಯಜಮಾನರು ಆ ಹಸು ಎಷ್ಟು ಸಲ ಈದಿತ್ತು ಅನ್ನುವುದರಿಂದ ಶುರು ಮಾಡಿದರು. ಕೈ ಬದಲಿಸಿ ಮಾರುವವನಾದರೆ "ಒಳ್ಳೆ ಜಾತಿ ಅಣ್ಣ" ಅನ್ನುತ್ತಾನೆ, ಅಷ್ಟೇ.

ಪೆಂಡಾಲ್ ಹಾಕಿ, ಹೂವಿನ ಹಾರ ಹಾಕಿ ನಿಲ್ಲಿಸಿರುವ ದೊಡ್ಡ ಜೋಡಿಗಳನ್ನು ಕಣ್ತುಂಬ ನೋಡಿ, ನೋಡಲೇಬೇಕು, ಅವರ ಸಾಕಣೆಗೆ ಕೈ ಮುಗಿಯಬೇಕು. ಆದರೆ ಬೇಸಾಯಕ್ಕೆ ಕೊಳ್ಳುವವರು ಆಮೇಲೆ ಮರದ ಕೆಳಗೆ ಸಾಲಾಗಿ ಕಟ್ಟಿರುವ ಕಡೆ ಬನ್ನಿ. ಕೊಂಬಿನ ಬುಡ ಒಂದಕ್ಕೊಂದು ಹತ್ತಿರ ಇರಬೇಕು, ಹಿಂದಕ್ಕೆ ಹೋಗಿ, ಬಾಗಿ, ತುದಿ ಮುಂದಕ್ಕೆ ಬರಬೇಕು. ಮುಖ ಉದ್ದ, ಹಣೆ ನಡುವೆ ಸಣ್ಣ ತಗ್ಗು, ಬೂದು ಬಣ್ಣ. 2000ದಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಸ್ಟಾಂಪ್ ತಂದಾಗ ಅದರಲ್ಲಿ ನಮ್ಮ ಹಳ್ಳಿಕಾರೂ ಇತ್ತು, ಅಂಥ ತಳಿ ಇದು. ಆದರೆ ಕೊಂಬನ್ನು ಹೆರೆದು, ಎಣ್ಣೆ ಹಚ್ಚಿ ಚಂದ ಮಾಡಬಹುದು. ಕಾಲನ್ನು ಹಾಗೆ ಮಾಡಕ್ಕಾಗಲ್ಲ. ನಡೆಸಿ ನೋಡಿ. ಹಿಂದೆ ನಿಂತು ಹಿಂಗಾಲು ಒಂದಕ್ಕೊಂದು ತಾಗುತ್ತದಾ ನೋಡಿ, ಗಟ್ಟಿ ನೆಲದ ಮೇಲೆ ತಿರುಗಿಸಿ, ಗೊರಸು ಎತ್ತಿಸಿ, ಆಗುವುದಾದರೆ ನೊಗ ಇಡಿಸಿ ನಾಲ್ಕು ಹೆಜ್ಜೆ ಹೊಡೆಸಿ. ಒಂದು ಬಿರುಸು, ಇನ್ನೊಂದು ಸೋಮಾರಿ ಆದರೆ ಎಷ್ಟು ಚಂದ ಇದ್ದರೂ ಅದು ಜೋಡಿ ಅಲ್ಲ.

ಹಲ್ಲು ನೀವೇ ಬಾಯಿ ಬಿಡಿಸಿ ಎಣಿಸಿ. ದನಕ್ಕೆ ಮುಂದಿನ ಹಲ್ಲು ಕೆಳಗೆ ಮಾತ್ರ, ಎಲ್ಲಾ ಸೇರಿ 8. ಹಾಲುಹಲ್ಲು ಬಿದ್ದು ಬಂದ ದೊಡ್ಡ ಹಲ್ಲನ್ನು ಮಾತ್ರ ಎಣಿಸಬೇಕು. ಎರಡು ಹಲ್ಲು ಅಂದರೆ ಎರಡು, ಎರಡೂವರೆ ವರ್ಷ, ಎಂಟೂ ಬಂದು ಬಾಯಿಗೂಡಿದರೆ ಸುಮಾರು ಐದು. ಮೈಮೇಲಿನ ಕೂದಲ ಸುಳಿ ನೋಡಿ ಶುಭ ಅಶುಭ ಹೇಳುವುದು ಅವರವರ ನಂಬಿಕೆ, ನಮ್ಮ ಮಾವ ಅದಕ್ಕೇ ಬಹಳ ಹೊತ್ತು ತೆಗೆದುಕೊಂಡರು.

ಇನ್ನು ವ್ಯಾಪಾರ. ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲಿ ರೇಟು ಹೇಳುವ ದಲ್ಲಾಳಿಗಳು ಈಗಲೂ ಇದ್ದಾರೆ. ಅದರಲ್ಲಿ ಒಳ್ಳೆಯವರೂ ಇದ್ದಾರೆ. ನಮಗೆ ಸಿಕ್ಕ ಒಬ್ಬ ಮಾತ್ರ ರೈತನಿಗೆ ಒಂದು ರೇಟು, ನಮಗೆ ಇನ್ನೊಂದು ರೇಟು ಹೇಳುತ್ತಿದ್ದ. ಅನುಮಾನ ಬಂದು ಮಾವ ನೇರವಾಗಿ ಯಜಮಾನರನ್ನೇ ಕೇಳಿದಾಗ 12 ಸಾವಿರ ವ್ಯತ್ಯಾಸ ಹೊರಗೆ ಬಂತು. ವರ್ಷಗಟ್ಟಲೆ ಹಿಂಡಿ, ಬೂಸಾ, ಹುರುಳಿ ಹಾಕಿ ಸಾಕಿದವನಿಗೆ ಸೇರಬೇಕಾದ ದುಡ್ಡು ಅದು. ನನಗೆ ತುಂಬಾ ಸಿಟ್ಟು ಬಂತು. ಕೊನೆಗೆ ಬಾಯಲ್ಲೇ ಮಾತಾಡಿ 1 ಲಕ್ಷ 45 ಸಾವಿರಕ್ಕೆ ಮುಗಿಸಿದೆವು, ಈ ಜೋಡಿಗೆ ಅದು ನ್ಯಾಯವಾದ ಬೆಲೆ. ಹಗ್ಗ ಬಿಚ್ಚಿ ಕೈಗೆ ಕೊಡುವಾಗ ಯಜಮಾನರು "ಹಗ್ಗ ಹೊಸದು ತಗಳಿ, ಇದನ್ನ ನಾನೇ ಇಟ್ಕಳ್ತೀನಿ" ಅಂದರು.

ಊಟಕ್ಕೆ ಯೋಚನೆ ಬೇಡ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದ್ದೇ ಇದೆ. ರಾತ್ರಿ ಉಳಿಯುವುದಾದರೆ ಕಂಬಳಿ ತನ್ನಿ.

ಹೋಗುವ ಮುಂಚೆ ಈ ಸಲ ದನಗಳ ಜಾತ್ರೆ ಇದೆಯಾ ಅಂತ ಒಂದು ಮಾತು ಕೇಳಿಕೊಳ್ಳಿ, 2022ರಲ್ಲಿ ಚರ್ಮಗಂಟು ರೋಗ ಬಂದಾಗ ಜಾತ್ರೆಗಳಿಗೆ ತಡೆ ಬಿದ್ದಿತ್ತು. ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿಸಿದ್ದು ಕೇಳಿ, ಮನೆಗೆ ತಂದ ಮೇಲೆ ಸ್ವಲ್ಪ ದಿನ ಹಳೇ ದನಗಳ ಜೊತೆ ಕಟ್ಟಬೇಡಿ. ಲಾರಿ ಹತ್ತಿಸುವ ಮುಂಚೆ ಪಶುವೈದ್ಯರ ಸರ್ಟಿಫಿಕೇಟು, ಕೊಂಡ ಚೀಟಿ ಎರಡೂ ಜೇಬಲ್ಲಿರಲಿ. ದೂರ ಸಾಗಿಸುವಾಗ ಒಂದು ಲಾರಿಗೆ 6 ದನ ಅಂತ ನಿಯಮ ಇದೆ. ಬಾಡಿಗೆ ಉಳಿಯುತ್ತದೆ ಅಂತ ಜಾಸ್ತಿ ತುಂಬುವವರ ಲಾರಿಗೆ ಹತ್ತಿಸಬೇಡಿ, ಕೆಳಗೆ ಹುಲ್ಲು ಹಾಸಿಸಿ, ಒಬ್ಬರು ಹೋರಿಗಳ ಜೊತೆಯಲ್ಲೇ ಹಿಂದೆ ಕೂತು ಬನ್ನಿ.